ಸದ್ದಿಲ್ಲದ ಪಂಪು

ಭರತೇಶ ಮಗದುಮನಿಗೆ ಗಂಟಲಿತ್ತು, ಕಿವಿ ಇರಲಿಲ್ಲ.

ಕಿವುಡನೇನಲ್ಲ. ಇಚಲಕರಂಜಿಯ ಮಾಗದ ಓಣಿಯಲ್ಲಿ ಹುಟ್ಟಿದವನು, ಅಷ್ಟೆ. ಮಾಗ ಎಂದರೆ ಕರೆಂಟಿನ ಮೇಲೆ ಓಡುವ ಮಗ್ಗ. ಅವನ ಮನೆಯ ಗೋಡೆಗೆ ಬೆನ್ನು ಹಚ್ಚಿ ದುಂಡಪ್ಪನ ಕಾರಖಾನೆ, ಅದರ ಬೆನ್ನಿಗೆ ಇನ್ನೊಬ್ಬರದು, ಎದುರಿಗೆ ಮತ್ತೊಬ್ಬರದು. ಹಗಲೂ ರಾತ್ರಿ ಖಟಕ್ ಖಟಕ್. ಆ ಓಣಿಯವರಿಗೆ ಮಾಗದ ಸದ್ದು ಕೇಳಿಸುವುದಿಲ್ಲ; ನಿಂತರೆ ಮಾತ್ರ ಕೇಳಿಸುತ್ತದೆ. ನಿಲ್ಲುವುದು ವಾರದ ಸುಟ್ಟಿಯ ದಿನ, ಅಂದರೆ ರಜೆಯಂದು. ಅದು ಬಿಟ್ಟರೆ ಓಣಿಯಲ್ಲಿ ಯಾರಾದರೂ ಸತ್ತಾಗ. ಸತ್ತವರ ಮನೆಗೆ ಹತ್ತಿದ ಕಾರಖಾನೆ ಮೊದಲು ನಿಲ್ಲುತ್ತದೆ, ಅದು ನಿಂತದ್ದು ಕೇಳಿ ಅದರ ಪಕ್ಕದ್ದು, ಹೀಗೆ ಓಣಿ ಪೂರ್ತಿ. ಯಾರೂ ಯಾರಿಗೂ ಹೇಳಿ ಕಳಿಸುವುದಿಲ್ಲ. ಕರೆಂಟು ಹೋದಾಗಲೂ ನಿಲ್ಲುತ್ತವೆ, ಆದರೆ ಆಗ ಫ್ಯಾನೂ ನಿಲ್ಲುವುದರಿಂದ ಗೊಂದಲವಿಲ್ಲ.

ಭರತೇಶ ದುಂಡಪ್ಪನ ಕಾರಖಾನೆಯಲ್ಲಿ ದಿವಾಣಜಿ ಆಗಿದ್ದ. ಅಂದರೆ ನೂಲು ಬಂದದ್ದು, ಬಟ್ಟೆ ಹೋದದ್ದು ಬರೆದಿಡುವವನು. ಹಾಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅಕಿವಾಟದ ಒಂದು ಮದುವೆಯಲ್ಲಿ ಮೈಕು ಕೆಟ್ಟಿತು. ಭರತೇಶ ಎದ್ದು ನಿಂತು, "ಹುಡುಗನ ಸೋದರಮಾವ ಎಲ್ಲಿದ್ದರೂ ಮಂಟಪಕ್ಕ ಬರಬೇಕು" ಎಂದು ಕೂಗಿದ. ಸೋದರಮಾವ ಬಂದ. ಅವನ ಹಿಂದೆಯೇ, ಆಚೆ ಕಬ್ಬಿಗೆ ನೀರು ಹಾಯಿಸುತ್ತಿದ್ದ, ಆ ಮದುವೆಗೆ ಸಂಬಂಧವೇ ಇಲ್ಲದ ಇನ್ಯಾರದೋ ಸೋದರಮಾವನೂ ಗಾಬರಿಯಿಂದ ಓಡಿ ಬಂದ. ಊಟದ ಪಂಕ್ತಿಯಲ್ಲಿ ಯಾರೋ, "ಆವಾಜು ಅಂದ್ರ ಇದು ನೋಡ್ರಿ! ರೇಡಿಯೋದಾಗ ಇರಬೇಕಿತ್ತು" ಎಂದರು. ಹೊಟ್ಟೆ ತುಂಬಿದವರ ಮಾತನ್ನು ನಂಬಬಾರದು. ಭರತೇಶ ನಂಬಿದ.

ದಿವಾಣಜಿ ಕುರ್ಚಿ ಬಿಟ್ಟ. ಹಳೆಯ ಕಂಪ್ಯೂಟರು, ಹೊಸ ಮೈಕು, ಕಿವಿ ಮುಚ್ಚುವಂಥ ಹೆಡ್‌ಫೋನು ತಂದು ಒಳಗಿನ ಖೋಲಿಯಲ್ಲಿ ಸ್ಟುಡಿಯೋ ಹೂಡಿದ. ಗೋಡೆಗೆ ಮೊಟ್ಟೆಯ ಟ್ರೇ ಹೊಡೆದರೆ ದನಿ ಗುಂಯ್‌ಗುಡುವುದಿಲ್ಲ ಎಂದು ಮೊಬೈಲಿನಲ್ಲಿ ನೋಡಿ ಒಂದು ಹೊರೆ ಟ್ರೇ ಹೊತ್ತು ತಂದ. ಅವನ ತಾಯಿ ಸಾವಕ್ಕ ಬಾಗಿಲಲ್ಲೇ ತಡೆದಳು.

"ಏನೋ ಭರತ್ಯಾ, ಜೈನರ ಮನ್ಯಾಗ ತತ್ತಿ ಟ್ರೇ?"

"ಖಾಲಿ ಅದಾವ ಅವ್ವಾ."

"ಖಾಲಿ ಆಗೂಕಿಂತ ಮೊದಲ ಏನಿತ್ತು?"

ಇದಕ್ಕೆ ಯಾವ ವಿಡಿಯೋದಲ್ಲೂ ಉತ್ತರವಿರಲಿಲ್ಲ. ಟ್ರೇ ಹಿಂದೆ ಹೋದವು. ಗೋಡೆಗೆ, ಕಿಟಕಿಗೆ, ಬಾಗಿಲಿಗೆ ಮನೆಯ ಕೌದಿಗಳನ್ನೇ ಮೊಳೆ ಹೊಡೆದು ತೂಗುಹಾಕಿದ.

ಕೊಲ್ಹಾಪುರದ ಒಂದು ಜಾಹೀರಾತು ಕಂಪನಿಯಿಂದ ಪ್ರಿಯದರ್ಶನಿ ಎಂಬಾಕೆ ಫೋನು ಮಾಡಿದಾಗ ಭರತೇಶ ತಾನು ಗೆದ್ದೆನೆಂದೇ ತಿಳಿದ. ಗಂಗಾಧಾರೆ ಎಂಬ ಹೊಸ ನೀರಿನ ಪಂಪು ಬೆಳಗಾವಿ ಕಡೆ ಮಾರಾಟಕ್ಕೆ ಹೊರಟಿತ್ತು. ಕನ್ನಡದ ದನಿ ಬೇಕಿತ್ತು. ಸ್ಯಾಂಪಲ್ ಸರಿ ಬಂದರೆ ವರ್ಷವಿಡೀ ಕೆಲಸ. ಅವನು ನಲವತ್ತು ಸೆಕೆಂಡಿನ ಮಾತನ್ನು ಗಂಟಲು ಹರಿಯುವಂತೆ ಓದಿ ಕಳಿಸಿದ. "ರೈತ ಬಾಂಧವರೇ! ಸದ್ದಿಲ್ಲ, ಗದ್ದಲವಿಲ್ಲ. ಬಾವಿಯಲ್ಲಿ ಪಂಪು ಓಡುತ್ತಿದೆ, ತೊಟ್ಟಿಲಲ್ಲಿ ಕೂಸು ಮಲಗಿದೆ..."

ಪ್ರಿಯದರ್ಶನಿಯ ಉತ್ತರ ಬಂತು. "ಸರ್, ಹಿಂದ ಏನೋ ಬಡಿಯೂ ಸದ್ದು ಐತ್ರಿ. ಸದ್ದಿಲ್ಲದ ಪಂಪ್ ಅಂತ ಹೇಳಾಕತ್ತೀವಿ. ಸ್ವಲ್ಪ ನೋಡ್ರಿ."

ಭರತೇಶ ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಯಾವ ಸದ್ದೂ ಇಲ್ಲ. ವಾಯರು ಬದಲಿಸಿದ, ಮೈಕನ್ನು ಬೇರೆ ತೂತಿಗೆ ಚುಚ್ಚಿದ, ಮತ್ತೆ ಓದಿ ಮತ್ತೆ ಕಳಿಸಿದ. ಮತ್ತೆ ಅದೇ ಉತ್ತರ. ಕೊನೆಗೆ ಸ್ಪೀಕರನ್ನು ಕಟ್ಟೆಯ ಮೇಲಿಟ್ಟು ಓಣಿಯವರನ್ನು ಕರೆದು ಕೇಳಿಸಿದ. ದುಂಡಪ್ಪನ ತಾಯಿ ಹಾಲವ್ವ ಬಂದಳು. ಜೋತಿಬಾ ಬಂದ. ಜೋತಿಬಾ ವಾರ್ಡಿನ ಪುಢಾರಿ. ಪ್ರತಿ ಚುನಾವಣೆಯಲ್ಲೂ ನಿಂತು ಪ್ರತಿ ಸಲವೂ ಸೋತವನು. ಆದರೂ ಮತದಾರರ ಮೇಲೆ ಸಿಟ್ಟಿಲ್ಲ. ಯಾರೇ ಸತ್ತರೂ ಮುಂದೆ ನಿಂತು ಎಲ್ಲ ವ್ಯವಸ್ಥೆ ಮಾಡುತ್ತಾನೆ.

"ಏನರ ಬಡಿಯೂ ಸದ್ದು ಬರ್ತೈತೇನ್ರಿ?"

"ಛೇ ಛೇ, ಭಾಳ ಸ್ವಚ್ಛ ಐತಿ" ಎಂದಳು ಹಾಲವ್ವ, ಮಾಗದ ಗದ್ದಲದ ಮೇಲೆ ಕೇಳುವಂತೆ ಕೂಗಿ.

"ಏಕದಮ್ ಝಕಾಸ್!" ಎಂದು ಜೋತಿಬಾ ಅದಕ್ಕಿಂತ ಜೋರಾಗಿ ಕೂಗಿದ. "ಕೊಲ್ಲಾಪುರದವರ ಕಿವ್ಯಾಗ ಹೊಲಸು ತುಂಬೈತಿ."

ಓಣಿ ಒಮ್ಮತದಿಂದ ತೀರ್ಪು ಕೊಟ್ಟಿತು: ದನಿಯಲ್ಲಿ ದೋಷವಿಲ್ಲ, ಕಳಿಸುವಾಗ ಕಂಪ್ಯೂಟರು ಕೆಡಿಸುತ್ತಿದೆ. ಕೊಲ್ಹಾಪುರದಿಂದ ರಿಪೇರಿಯ ಜಿನೇಶನನ್ನು ಕರೆಸಿದರು. ಬಂದದ್ದು ಸುಟ್ಟಿಯ ದಿನ. ಜಿನೇಶ ರೆಕಾರ್ಡ್ ಮಾಡಿದ, ಕೇಳಿದ.

"ಏನ ಆಗಿಲ್ರಿ ಇದಕ್ಕ."

"ಹಂಗಾರ ಅವರ್ಯಾಕ ಸದ್ದು ಐತಿ ಅನಾಕತ್ತಾರ?"

ಬಂದ ಮೇಲೆ ಏನಾದರೂ ಮಾಡಬೇಕಲ್ಲ. ಜಿನೇಶ ಎಲ್ಲ ಅಳಿಸಿ ಫಾರ್ಮ್ಯಾಟ್ ಹೊಡೆದ. ಭರತೇಶನ ಹಳೆಯ ರೆಕಾರ್ಡಿಂಗೆಲ್ಲ ಹೋದವು, ಮದುವೆಯ ಫೋಟೋಗಳೂ ಹೋದವು. "ಈಗ ಹೊಸಾ ಮಷೀನ್ ಆತ್ ನೋಡ್ರಿ" ಎಂದು ಚಹಾ ಕುಡಿದು ಬಸ್ಸು ಹತ್ತಿದ. ಭರತೇಶ ಅಂದೇ ಓದಿ ಕಳಿಸಬಹುದಿತ್ತು. ಆದರೆ ಫಾರ್ಮ್ಯಾಟ್ ಆದ ಮಷೀನಿಗೆ ಒಂದು ರಾತ್ರಿ ವಿಶ್ರಾಂತಿ ಕೊಟ್ಟ. ಮರುದಿನ ಮಾಗ ಶುರುವಾದವು, ಓದಿ ಕಳಿಸಿದ, ಅದೇ ಉತ್ತರ ಬಂತು. ಈ ಸಲ ಅದಕ್ಕೆ ಬಾಲವೂ ಇತ್ತು: "ನಾಳೆ ಐದಕ್ಕ ಕಡೀ ಟೈಮ್ ಸರ್. ಆಮ್ಯಾಲ ಬ್ಯಾರೇದವರಿಗೆ ಕೊಡ್ತೀವಿ."

ಅವನ ಹೆಂಡತಿ ಕಾಂಚನ ಆಗ ಗಡಹಿಂಗ್ಲಜದ ತವರಿನಲ್ಲಿದ್ದಳು. ಅವಳಿಗೂ ಒಂದು ಪ್ರತಿ ಕಳಿಸಿದ. ಅಲ್ಲಿ ಮಾಗವಿಲ್ಲ. ಅವಳು ಮೊಬೈಲು ಹಚ್ಚಿದ್ದೇ ತಡ, ಅಡುಗೆಮನೆಯಿಂದ ಅವಳ ತಾಯಿ ಹೊರಗೆ ಬಂದಳು.

"ಯಾರ ಕಟಿಗಿ ಕಡಿಯಾಕತ್ತಾರವ?"

ಕಾಂಚನ ಕೂಡಲೇ ಫೋನು ಮಾಡಿದಳು. "ಏನ್ರಿ, ಇದು ಮಾಗ."

"ಯಾವ ಮಾಗ?"

"ದುಂಡಪ್ಪಣ್ಣನ ಮಾಗ! ಲಗ್ನಾಗಿ ಬಂದ ಹೊಸದಾಗ ನನಗ ನಿದ್ದಿ ಬರತಿರಲಿಲ್ಲ ಅಂತ ಅತ್ತಿದ್ದಿಲ್ಲೇನು? ಅದ ಇದು."

"ನೀ ತವರಮನಿ ನೆನಸಿ ಅಳತಿ ಅಂತ ತಿಳಿದಿದ್ನಲ್ಲ" ಎಂದ ಭರತೇಶ.

ಮರುದಿನ ಮುಂಜಾನೆಯ ಬಸ್ಸಿಗೆ ಅವಳು ಬಂದಳು. ಅಷ್ಟರಲ್ಲಿ ಭರತೇಶ ದುಂಡಪ್ಪನ ಮುಂದೆ ನಿಂತಿದ್ದ. ನೌಕರಿ ಬಿಡುವಾಗ ಇದೇ ದುಂಡಪ್ಪನಿಗೆ "ಕಲಾವಿದನಿಗೂ ದಿವಾಣಜಿಗೂ ಫರಕ್ ಐತ್ರಿ ಮಾಲಕ್ರ" ಎಂದು ಭಾಷಣ ಬಿಗಿದಿದ್ದ. ಈಗ ಅವನ ಮಾಗಗಳನ್ನು ನಿಲ್ಲಿಸೆಂದು ಕೇಳಬೇಕಿತ್ತು.

"ಅರ್ಧ ತಾಸು" ಎಂದ ದುಂಡಪ್ಪ. "ಮೂರೂವರಿಂದ ನಾಕರ ತನಕ. ಕೆಲಸ ಸಿಕ್ರ ನಿನ್ನ ಪುಣ್ಯೇ. ಸಿಗಲಿಲ್ಲಂದ್ರ ನಾಳಿಂದ ತುಟಿಪಿಟಿಕ್ ಅನ್ನದ ಬಂದು ಆ ಕುರ್ಚಿ ಮ್ಯಾಲ ಕುಂದ್ರಬೇಕು. ಕಲಾವಿದ ಅಂತ ಮತ್ತ ಅಂದಿ, ನೂಲಿನ ಕಾಂಡಿ ಪೆಟ್ಟಿಗಿ ತಲಿಮ್ಯಾಲ ಹೊರಸ್ತೇನಿ."

ಪಂಪಿನ ಜಾಹೀರಾತಿಗೆ ಮಾಗ ನಿಲ್ಲಿಸಿದ ಎಂದು ಓಣಿಗೆ ಗೊತ್ತಾದರೆ ತನ್ನ ಮಾನ ಹೋಗುತ್ತದೆ ಎಂದು ದುಂಡಪ್ಪನಿಗೆ ಭಯ. ಆದ್ದರಿಂದ ಮಾಗಗಳನ್ನು ನೋಡಿಕೊಳ್ಳುವ ತನ್ನ ಜಾಬರನಿಗೆ, "ಮೂರೂವರಿಗೆ ಬಂದ್ ಮಾಡು. ಯಾಕಂತ ಕೇಳಬ್ಯಾಡ, ಯಾರಿಗೂ ಹೇಳಬ್ಯಾಡ" ಎಂದಷ್ಟೇ ಹೇಳಿ, ಯಾರ ಕೈಗೂ ಸಿಗದಂತೆ ದೂರದ ಚಹಾದಂಗಡಿಗೆ ಹೋಗಿ ಕುಳಿತ.

ಭರತೇಶ ಹೆಂಡತಿಯನ್ನು ಹೊಸ್ತಿಲ ಮೇಲೆ ಕಾವಲಿಗೆ ಕೂರಿಸಿದ. "ಯಾರ ಬಂದ್ರೂ ಮಾತಾಡಬ್ಯಾಡ. ಒಂದು ಪಿಸುಮಾತು ಒಳಗ ಬಂದ್ರೂ ನಮ್ಮ ಬಾಳೇವು ಹಾಳು. ಕೈಸನ್ನಿ ಮಾಡಿ ಕಳಸು." ಸಾವಕ್ಕ ಅಡುಗೆಮನೆಯಲ್ಲಿ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಳು, ಅದು ಸ್ಟುಡಿಯೋದವರೆಗೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವನು ಬಾಗಿಲು ಹಾಕಿದ. ಫೋನು ಬಂದ್ ಮಾಡಿದ. ಮೈಕನ್ನೂ ತನ್ನನ್ನೂ ಸೇರಿಸಿ ಇನ್ನೊಂದು ಕೌದಿ ಹೊದ್ದುಕೊಂಡ.

ಮೂರೂವರೆಗೆ ದುಂಡಪ್ಪನ ಮಾಗ ನಿಂತವು. ಸ್ವಲ್ಪ ಹೊತ್ತಿಗೆ ಅದರ ಪಕ್ಕದವು ನಿಂತವು. ಆಮೇಲೆ ಎದುರಿನವು. ಭರತೇಶ ಇದನ್ನು ದುಂಡಪ್ಪನ ದೊಡ್ಡತನ ಎಂದುಕೊಂಡ.

"ರೈತ ಬಾಂಧವರೇ!" ಎಂದು ಶುರು ಮಾಡಿ ಬೆಚ್ಚಿಬಿದ್ದ. ಖೋಲಿಯಲ್ಲಿ ಯಾರೋ ಅರಚಿದಂತಾಯಿತು. ಅರಚಿದವನು ತಾನೇ. ಇಷ್ಟು ದಿನ ತನ್ನ ದನಿ ಎಂದುಕೊಂಡಿದ್ದು ಮಾಗದ ಮೇಲೆ ಕೂಗುವ ಅಭ್ಯಾಸ ಎಂದು ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಷ್ಟರಲ್ಲಿ ಟಿಕ್ ಟಿಕ್ ಎಂದು ಏನೋ ಕೇಳಿಸಿತು. ಹುಡುಕಿದ. ಗೋಡೆ ಗಡಿಯಾರ. ಅದಕ್ಕೆ ಅಂಥ ಸದ್ದಿದೆ ಎಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಸೆಲ್ಲು ತೆಗೆದ. ಆಮೇಲೆ ಕಪಾಟಿನ ಹಿಂದೆ ಹಲ್ಲಿ. ಅದನ್ನು ಓಡಿಸಿದ. ಆಮೇಲೆ ಬುಸ್ ಬುಸ್ ಎಂದು ತನ್ನದೇ ಉಸಿರು. ಅದನ್ನು ಬಿಗಿಹಿಡಿದ. ಆಗ ಲಬ್ ಡಬ್ ಎಂದು ಇನ್ನೊಂದು ಶುರುವಾಯಿತು. ಅದರ ಸೆಲ್ಲು ತೆಗೆಯುವಂತಿರಲಿಲ್ಲ.

ಹೇಗೋ ಮಾಡಿ, ಹೆದರಿದ ಮೆಲುದನಿಯಲ್ಲಿ, ನಲವತ್ತು ಸೆಕೆಂಡು ಓದಿ ಮುಗಿಸಿ ಜೋಪಾನ ಮಾಡಿದ. ಅದು ಅವನ ಜೀವನದ ಮೊದಲ ಶುದ್ಧ ರೆಕಾರ್ಡಿಂಗು. ಓದುವವರು ಇದನ್ನು ನೆನಪಿಡಬೇಕು, ಯಾಕೆಂದರೆ ಅವನು ಇಡಲಿಲ್ಲ. ಇರಲಿ ಇನ್ನೊಂದು ಎಂದು ಎರಡನೇ ಸಲ ಶುರು ಮಾಡಿದ.

ಹೊರಗೆ ಅಷ್ಟರಲ್ಲಿ ಓಣಿ ಸೇರುತ್ತಿತ್ತು. ಜನ ಮೊದಲು ಜಾಬರನನ್ನು ಕೇಳಿದರು. ಅವನು ತಲೆ ತಗ್ಗಿಸಿ, "ಮಾಲಕ್ರು ಬಂದ್ ಮಾಡಂದ್ರು. ಯಾಕಂತ ಕೇಳಬ್ಯಾಡ ಅಂದ್ರು" ಎಂದ. ಇಷ್ಟು ದುಃಖದ ಮಾತನ್ನು ಯಾರೂ ಕೇಳಿರಲಿಲ್ಲ. ದುಂಡಪ್ಪನ ಕಾರಖಾನೆಗೆ ಹತ್ತಿದ ಮನೆ ಎಂದರೆ ಒಂದು ಕಡೆ ದುಂಡಪ್ಪನದೇ, ಇನ್ನೊಂದು ಕಡೆ ಮಗದುಮರದು. ಮಗದುಮರ ಕಿಟಕಿಗಳಿಗೆಲ್ಲ ಕೌದಿ. ಒಳಬಾಗಿಲು ಮುಚ್ಚಿದೆ. ಹೊಸ್ತಿಲ ಮೇಲೆ ಸೊಸೆ ಬಾಯಿಗೆ ಸೆರಗು ಒತ್ತಿ ಕುಳಿತಿದ್ದಾಳೆ, ಕಣ್ಣಲ್ಲಿ ನೀರು. ಅವಳಿಗೆ ಕೆಮ್ಮು ಬರುತ್ತಿತ್ತು. ತಡೆದು ತಡೆದು ಕಣ್ಣು ತುಂಬಿದ್ದವು.

"ಯಾವಾಗ ಆತವಾ?" ಎಂದಳೊಬ್ಬಳು.

ಕಾಂಚನ ತುಟಿಯ ಮೇಲೆ ಬೆರಳಿಟ್ಟು ಒಳಬಾಗಿಲ ಕಡೆ ತೋರಿಸಿದಳು.

"ಪಾಪ, ಮಾತ ಹೊಂಡವಲ್ದು."

ಇಬ್ಬರು ಹೆಂಗಸರು ಅಡುಗೆಮನೆಗೆ ಇಣುಕಿದರು. ಸಾವಕ್ಕನ ಚಾಪೆ ಖಾಲಿ. ಅಂದರೆ ಆಗಲೇ ಒಳಗಿನ ಖೋಲಿಯಲ್ಲಿ ಮಲಗಿಸಿದ್ದಾರೆ. ಸುದ್ದಿ ಖಚಿತವಾಯಿತು.

ಸಾವಕ್ಕನಿಗೆ ಏನಾಗಿತ್ತೆಂದರೆ, ಮಾಗ ನಿಂತದ್ದೇ ಎಚ್ಚರವಾಗಿತ್ತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆ ಸದ್ದಿನಲ್ಲೇ ಮಲಗಿದ ಹೆಂಗಸು. ನಿಂತದ್ದು ದುಂಡಪ್ಪನ ಮಾಗ. ಅಂದರೆ ದುಂಡಪ್ಪನ ತಾಯಿಯೇ. "ಹಾಲವ್ವಾ!" ಎಂದು ಎದೆ ಹಿಡಿದುಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟು, ಹಿಂದಿನ ಸಂದಿಯಲ್ಲಿ ಹಾದು ದುಂಡಪ್ಪನ ಮನೆ ಸೇರಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಹಾಲವ್ವ ಅದೇ ಹೊತ್ತಿಗೆ ಮುಂದಿನ ಓಣಿಯಿಂದ ಮಗದುಮರ ಮನೆಗೆ ಓಡುತ್ತಿದ್ದಳು.

ಹಾಲವ್ವ ಕಾಂಚನಳ ಮುಂದೆ ದೊಪ್ಪನೆ ಕುಳಿತು ದನಿ ತೆಗೆದಳು. "ಸಾವಕ್ಕಾ, ನನ್ನ ಬಿಟ್ಟು ಹೆಂಗ ಹೋದಿ... ನನ್ನ ಹಿತ್ತಾಳಿ ಪರಾತ ಒಯ್ದಾಕಿ ತಿರುಗಿ ಕೊಡದ ಹೆಂಗ ಹೋದಿ..."

ಕಾಂಚನ ಎರಡೂ ಕೈ ಮುಗಿದು ಸುಮ್ಮನಿರಲು ಬೇಡಿಕೊಂಡಳು. ಅದನ್ನು ನೋಡಿ ಉಳಿದ ಹೆಂಗಸರೂ ಅತ್ತರು.

ಆ ಕಡೆ ಸಾವಕ್ಕ ದುಂಡಪ್ಪನ ಹೊಸ್ತಿಲ ಮೇಲೆ ಅಳುತ್ತಿದ್ದಳು. "ಹಾಲವ್ವಾ, ನಾಳಿ ಕೊಡೂಣಂತ ಪರಾತ ತಿಕ್ಕಿ ಇಟ್ಟಿದ್ನಲ್ಲೇ..."

ಜೋತಿಬಾ ಅಷ್ಟರಲ್ಲಿ ಕೆಲಸಕ್ಕೆ ಇಳಿದಿದ್ದ. ಬಿದಿರು ಬಂತು, ಹಗ್ಗ ಬಂತು. ಎರಡು ಗಳಗಳ ಚಟ್ಟ ಅರ್ಧ ಕಟ್ಟಿ ಆಗಿತ್ತು. ಇಚಲಕರಂಜಿಯ ತುಂಬ ಫೋನು ಹೋಗಿತ್ತು, ಗಡಹಿಂಗ್ಲಜಕ್ಕೂ ಹೋಗಿತ್ತು; ಬೀಗರು ಒಂದು ಗಾಡಿ ತುಂಬ ಹೊರಟಿದ್ದರು. "ಲವಕರ್ ಕರಾ, ಲಗೂನ ಮಾಡ್ರಿ!" ಎಂದು ಜೋತಿಬಾ ಹುಡುಗರನ್ನು ಗದರಿಸುತ್ತಿದ್ದ. "ಜೈನರದು ಹೊತ್ತು ಮುಣಗೂದ್ರೊಳಗ ಮುಗೀಬೇಕು."

ಒಳಗೆ, ಹೆಡ್‌ಫೋನಿನಲ್ಲಿ, ಭರತೇಶನಿಗೆ ಹೆಂಗಸರು ಅಳುವುದು ಕೇಳಿಸಿತು.

ಅವನು ಮೈಕಿನ ವಾಯರು ಅಲುಗಿಸಿದ. ಅಳು ನಿಲ್ಲಲಿಲ್ಲ. ದನಿಯ ಮಟ್ಟ ಇಳಿಸಿದ, ಸಣ್ಣದಾಗಿ ಅತ್ತರು. ಏರಿಸಿದ, ಜೋರಾಗಿ ಅತ್ತರು. ಫೋನು ತೆರೆದು ಜಿನೇಶನಿಗೆ ಹಚ್ಚಿದ.

"ಜಿನೇಶ, ಜಯ ಜಿನೇಂದ್ರ. ಕಂಪ್ಯೂಟರಿನ್ಯಾಗ ಹೆಣ್ಣಮಕ್ಕಳು ಅಳಾಕತ್ತಾರ."

ಜಿನೇಶ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಎಷ್ಟ್ ಮಂದಿ?"

"ಏಳೆಂಟು."

"ಹೆಡ್‌ಫೋನ್ ತಗದು ನೋಡ್ರಿ."

ತೆಗೆದ. ಅಳು ಇನ್ನೂ ಜೋರಾಯಿತು. "ಹೆಡ್‌ಫೋನ್ ಇಲ್ದನೂ ಬರಾಕತ್ತೈತಿ!"

"ಅಂದ್ರ ಭಾಳ ಒಳಗ ಹೋಗೇತಿ" ಎಂದ ಜಿನೇಶ. "ಮತ್ತ ಫಾರ್ಮ್ಯಾಟ್ ಹೊಡೀಬೇಕ್ರಿ."

ಭರತೇಶ ಕೌದಿ ಹೊದ್ದಂತೆಯೇ ಬಾಗಿಲು ತೆರೆದ. ಓಣಿಯೆಲ್ಲ ಅವನನ್ನೇ ನೋಡುತ್ತಿತ್ತು. ಜೋತಿಬಾ ಓಡಿ ಬಂದು ಕೌದಿಯ ಸಮೇತ ಅಪ್ಪಿಕೊಂಡ.

"ಧೀರ ಧರಾ, ಭರತೇಶರಾವ್, ಧೈರ್ಯ ತಗೋರಿ!"

"ಯಾಕ? ಏನಾತು?" ಎಂದ ಭರತೇಶ. "ಯಾರ ಸತ್ತಾರ?"

ಜನ ಹಲ್ಲಿ ನುಡಿದಂತೆ ಲೊಚಗುಟ್ಟಿದರು. ದುಃಖಕ್ಕೆ ತಲೆ ಕೆಟ್ಟಿದೆ.

ಈಗ ದುಂಡಪ್ಪ. ನಾಲ್ಕಾಯಿತೆಂದು ಚಹಾದಂಗಡಿಯಿಂದ ಎದ್ದು ಬಂದವನಿಗೆ ತನ್ನ ಮನೆಯ ಮುಂದೆ ಸಾವಕ್ಕ "ಹಾಲವ್ವಾ" ಎಂದು ಗೋಳಾಡುವುದು ಕಂಡಿತು. ಮಾಗ ನಿಲ್ಲಿಸಲು ಹೇಳಿದವನು ತಾನೇ ಎಂಬುದು ಅವನ ತಲೆಯಿಂದ ಹಾರಿಹೋಯಿತು. ನಿಂತ ಓಣಿ, ಅಳುವ ಮುದುಕಿ, ಇಷ್ಟು ಸಾಕು. "ಅವ್ವಾ!" ಎಂದು ಓಡುವಾಗ ಒಂದು ಕಾಲಿನ ಕೊಲ್ಹಾಪುರಿ ಚಪ್ಪಲಿ ಗಟಾರಕ್ಕೆ ಬಿತ್ತು. ಒಳಗೆಲ್ಲ ಹುಡುಕಿದ. ಹೆಣ ಇರಲಿಲ್ಲ.

"ಎಲ್ಲೈತಿ?"

"ನನಗೇನ್ ಗೊತ್ತಪಾ. ನಮ್ಮ ಮನಿ ಮುಂದ ಚಟ್ಟ ಕಟ್ಟೂ ಗದ್ದಲ ಕೇಳತೈತಿ" ಎಂದಳು ಸಾವಕ್ಕ.

ಇಬ್ಬರೂ ಅಳುತ್ತ ಓಡಿದರು. ಹಾಲವ್ವ ತಲೆ ಎತ್ತಿ ನೋಡಿದಳು. ಸಾವಕ್ಕ ತಲೆ ಬಗ್ಗಿಸಿ ನೋಡಿದಳು. ಅಳು ಎರಡೂ ಕಡೆಯಿಂದ ಒಟ್ಟಿಗೆ ನಿಂತಿತು.

"ನೀ ಸತ್ತಿಲ್ಲ?" ಎಂದಳು ಸಾವಕ್ಕ.

"ನಾ ಯಾಕ ಸಾಯಲಿ? ನೀ ಸತ್ತೀದಿ."

"ನನಗ್ಯಾರೂ ಹೇಳೇ ಇಲ್ಲಲ್ಲ!"

"ಹಂಗಾರ ಪರಾತ ಕೊಡು" ಎಂದಳು ಹಾಲವ್ವ, ಎದ್ದು ಸೀರೆ ಕೊಡವಿ.

ಆಮೇಲೆ ನಡೆದ ಬೈಗುಳವನ್ನೆಲ್ಲ ಬರೆಯುವುದು ಬೇಡ. ಕಾಂಚನ ಕೊನೆಗೂ ಕೆಮ್ಮಿದಳು, ಕೆಮ್ಮುತ್ತಲೇ ಎಲ್ಲ ಹೇಳಿದಳು. ಜೋತಿಬಾ, ಕಟ್ಟಿದ ಚಟ್ಟ ಬರಿದೇ ಬಿಚ್ಚಬಾರದು, ಅಪಶಕುನ ಎಂದು ಹಠ ಹಿಡಿದ. ಸಾವಕ್ಕ ಅದನ್ನು ಹೊರಳಿಸಿ ನೋಡಿ, "ಬಿಚ್ಚಬ್ಯಾಡ. ಹಪ್ಪಳ ಒಣಸಾಕ ಚೊಲೊ ಐತಿ" ಎಂದು ಮಾಳಿಗೆಗೆ ಹೊರಿಸಿದಳು. ದುಂಡಪ್ಪ ಒಂದೇ ಚಪ್ಪಲಿಯಲ್ಲಿ ಹೋಗಿ ಮಾಗ ಶುರು ಮಾಡಿಸಿದ. ಪಕ್ಕದವರು ಶುರು ಮಾಡಿದರು, ಎದುರಿನವರು ಶುರು ಮಾಡಿದರು. ಖಟಕ್ ಖಟಕ್. ಓಣಿಗೆ ಜೀವ ಬಂತು.

ಆದರೆ ಓಣಿ ಚದುರಲಿಲ್ಲ. ಇಷ್ಟೆಲ್ಲ ಆದದ್ದು ಯಾತಕ್ಕೆ ಎಂದು ಕೇಳಲೇಬೇಕೆಂದು ಕುಳಿತಿತು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಭರತೇಶ ಸ್ಪೀಕರನ್ನು ಕಟ್ಟೆಗೆ ತಂದ. ಮಾಗ ನಿಂತಾಗ ಓದಿದ್ದನ್ನು ಹಚ್ಚಿದ. ಸ್ಪೀಕರಿನ ಕಿವಿ ತಿರುಚಿ ಪೂರ್ತಿ ಏರಿಸಿದ. "ರೈತ ಬಾಂಧವರೇ. ಸದ್ದಿಲ್ಲ. ಗದ್ದಲವಿಲ್ಲ..."

ಓಣಿ ಮುಖ ಮುಖ ನೋಡಿಕೊಂಡಿತು.

"ಏನೋ ಕೆಟ್ಟೈತಲೋ ಇದು" ಎಂದ ದುಂಡಪ್ಪ.

"ಬಾವ್ಯಾಗಿಂದ ಮಾತಾಡಿದಂಗ ಐತಿ" ಎಂದ ಜಾಬರ.

"ಹಿಂದ ಏನೂ ಇಲ್ಲಲ್ಲವಾ" ಎಂದಳು ಹಾಲವ್ವ. "ಸತ್ತವರ ಮನ್ಯಾಗಿನ ದನಿ ಇದ್ದಂಗ ಐತಿ."

"ಹಳೇದು ಹಚ್ಚು" ಎಂದ ಜೋತಿಬಾ. ಭರತೇಶ ಹಿಂದಿನ ದಿನದ್ದನ್ನು ಹಚ್ಚಿದ. ಮಾಗದ ಮೇಲೆ ಮಾಗ, ಅದರ ಮೇಲೆ ಅವನ ಕೂಗು. "ಹಾಂ!" ಎಂದು ಎಲ್ಲರ ಭುಜ ಸಡಿಲಾಯಿತು. "ಇದು ಸ್ವಚ್ಛ ಐತಿ ನೋಡು."

ಭರತೇಶನಿಗೂ ಹಾಗೇ ಅನ್ನಿಸಿತು. ಇವತ್ತು ಕಂಪ್ಯೂಟರು ದನಿಯ ಹಿಂದಿನದೇನನ್ನೋ ತಿಂದಿದೆ. ಕಾಂಚನ ಬಾಯಿ ತೆರೆದಳು.

"ನೀ ಸುಮ್ನಿರು" ಎಂದ ಭರತೇಶ. "ನಿನ್ನ ಕೈಸನ್ನಿಯಿಂದನ ಇಷ್ಟೆಲ್ಲಾ ಆತು."

ಕಾಂಚನ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಅವನು ಕೆಟ್ಟದ್ದು ಅಪ್ಪಿತಪ್ಪಿ ಹೋಗಬಾರದೆಂದು ಅದನ್ನು ಅಳಿಸಿ, ಹಳೆಯದನ್ನೇ ಕಳಿಸಿದ. ಐದಕ್ಕೆ ಐದು ನಿಮಿಷವಿತ್ತು.

ಪ್ರಿಯದರ್ಶನಿಯ ಉತ್ತರ ಎರಡು ಶಬ್ದ: "ಥ್ಯಾಂಕ್ಯೂ ಸರ್." ಕೆಲಸ ಆಜರಾ ಎಂಬ ಊರಿನ ಒಬ್ಬನಿಗೆ ಹೋಯಿತು. ಅವನ ಕನ್ನಡದಲ್ಲಿ ಅರ್ಧ ಮರಾಠಿ, ದನಿಯೂ ಅಷ್ಟಕ್ಕಷ್ಟೆ. ಆದರೆ ಅವನ ಮನೆಯ ಪಕ್ಕ ಗೇರುತೋಟ ಬಿಟ್ಟರೆ ಏನೂ ಇಲ್ಲ.

ಸಂಜೆ ಗಡಹಿಂಗ್ಲಜದ ಗಾಡಿ ಬಂತು. ಕಾಂಚನಳ ತಾಯಿ ಓಣಿಯ ತಿರುವಿನಿಂದಲೇ ಅಳುತ್ತ ಬಂದು, ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಸಾವಕ್ಕನನ್ನು ಕಂಡು ಗಕ್ಕನೆ ನಿಂತಳು.

"ಬರ್ರಿ ಬೀಗತಿ" ಎಂದಳು ಸಾವಕ್ಕ. "ನಾ ಸತ್ತಿಲ್ಲ. ಹೊತ್ತು ಮುಣಗೂಕಿಂತ ಮೊದಲ ಊಟ ಮಾಡೂಣು, ಕೈಕಾಲು ತೊಳಕೋರಿ."

ಬೀಗತಿ ಕಟ್ಟೆಯ ಮೇಲೆ ಕುಳಿತು ನೀರು ಕುಡಿದಳು. ಕಿವಿಯನ್ನು ಗೋಡೆಯ ಕಡೆ ವಾಲಿಸಿದಳು.

"ಅಯ್ಯ, ಅಳಿಯಂದ್ರ. ಇನ್ನೂ ಕಟಿಗಿ ಕಡಿಯಾಕತ್ತಾರಲ್ರಿ!"

ಭರತೇಶ ಮರುದಿನ ತುಟಿಪಿಟಕ್ಕೆನ್ನದೆ ದಿವಾಣಜಿ ಕುರ್ಚಿಯ ಮೇಲೆ ಕುಳಿತ. ಆ ಮಧ್ಯಾಹ್ನ ಹೋದದ್ದು ಇಷ್ಟು: ಓಣಿಯ ಅರ್ಧ ತಾಸಿನ ಬಟ್ಟೆ, ದುಂಡಪ್ಪನ ಎಡಗಾಲಿನ ಚಪ್ಪಲಿ, ಒಂದು ವರ್ಷದ ಕೆಲಸ, ನಲವತ್ತು ಸೆಕೆಂಡಿನ ಮೌನ. ಮನುಷ್ಯರು ಯಾರೂ ಹೋಗಲಿಲ್ಲ.